ಸಾವಿರ ಬಾ

ಕಾನೋದ ಸಾಬೋನ್ ಗರಿ ಪೇಟೆಯಲ್ಲಿ, ಟೈರಿನಂಗಡಿಯ ಮೇಲೆ,
ನನ್ನದೊಂದು ಕಂಪ್ಯೂಟರು, ಒಂದು ಜನರೇಟರು.
ಮದುವೆಯ ಕಾಗದ, ಮೇಕೆ ಕಳೆದ ಪ್ರಕಟಣೆ,
ಚುನಾವಣೆ ಬಂದರೆ ಎರಡೂ ಕಡೆಯವರ ಬೈಗುಳ.
ಕೊಟ್ಟದ್ದನ್ನು ಕುಟ್ಟುತ್ತಿದ್ದೆ. ಓದುತ್ತಿರಲಿಲ್ಲ.

ಲಾದಿ ಬಂದದ್ದು ಮರಳುಗಾಡಿನ ಧೂಳು ಊರಿಗಿಳಿದ ದಿನ.
ಮುಸುಕಿನೊಳಗಿಂದ ಒಂದೊಂದೇ ತೆಗೆದಳು
ಆರು ನೋಟುಬುಕ್ಕು. ಮಗನ ಗಣಿತದ್ದು.
ಈ ತುದಿಯಿಂದ ಭಾಗಾಕಾರ, ಆ ತುದಿಯಿಂದ ಕತೆ,
ನಡುವೆಲ್ಲೋ ಒಂದೇ ಹಾಳೆಯಲ್ಲಿ
ಎರಡೂ ಡಿಕ್ಕಿ ಹೊಡೆದಿದ್ದವು.

ಕಡೂನಾದ ಪ್ರಕಾಶಕರು ಹದಿನಾಲ್ಕು ತಿಂಗಳು ಇಟ್ಟುಕೊಂಡು
ವಾಪಸು ಕಳಿಸಿದ್ದರಂತೆ. ಜೊತೆಗೊಂದು ಚೀಟಿ:
'ಭಾಷೆ ಚೆನ್ನಾಗಿದೆ. ಕೊನೆ ಸರಿಯಿಲ್ಲ.
ಗಂಡ ಕ್ಷಮೆ ಕೇಳಿದ ಮೇಲೆ ಹೆಂಡತಿ ಸುಮ್ಮನೆ ನಿಲ್ಲಬಾರದು.'
ಆ ಚೀಟಿ ಮಡಿಸಿಟ್ಟು ಇನ್ನೊಂದು ಚೀಟಿ ಎತ್ತಿದಳು,
ಓಣಿಯ ಒಂಬತ್ತು ಹೆಂಗಸರು ತಿಂಗಳಿಗಿಷ್ಟು ಕಟ್ಟುವ ಚೀಟಿ.
ಸಾಲದ್ದಕ್ಕೆ ತವರು ಕೊಟ್ಟ ಎನಾಮೆಲ್ ಬೋಗುಣಿಗಳ ಗೋಪುರ;
ಮದುವೆಯಾದಾಗಿನಿಂದ ಒಂದರಲ್ಲೂ ಏನೂ ಬೇಯಿಸಿರಲಿಲ್ಲ.
ಮೇಲಿನ ಏಳು ಮಾರಿದಳು.
'ಐನೂರು ಪ್ರತಿ' ಅಂದಳು,
ಟೊಮೇಟೊ ಕೊಳ್ಳುವವಳ ದನಿಯಲ್ಲಿ.

ಕುಟ್ಟುತ್ತಾ ಹೋದೆ. ಕರೆಂಟು ಹೋಯಿತು, ಬಂತು, ಹೋಯಿತು.
ಮೂರನೆಯ ನೋಟುಬುಕ್ಕಿನಲ್ಲೆಲ್ಲೋ
ಓದತೊಡಗಿದ್ದೆ. ಬೆರಳು ಹಿಂದೆ, ಕಣ್ಣು ಮುಂದೆ.
ಕೊನೆಯ ಪುಟ: ನಾಲ್ಕು ವರ್ಷ ಕಳೆದು ಗಂಡ ಅಂಗಳಕ್ಕೆ ಬರುತ್ತಾನೆ.
ನೀರು ಕೊಟ್ಟಳು. ಚಾಪೆ ಹಾಸಲಿಲ್ಲ.
ಅಷ್ಟೇ. ಕೆಳಗೊಂದು ಗೆರೆ.

ರಾತ್ರಿ ಹನ್ನೊಂದು. ಪೆಟ್ರೋಲು ತಳ ಕಂಡಿತ್ತು.
ಯಾಕೋ ಆ ಗಂಡಸಿನ ಕಾಲುನೋವು ನನ್ನ ಕಾಲಿಗೆ ಬಂತು.
ನಮ್ಮ ಹೌಸಾದಲ್ಲಿ 'ಇಲ್ಲ' ಅನ್ನಲು ಎರಡು 'ಬಾ' ಬೇಕು,
ವಾಕ್ಯದ ತಲೆಗೊಂದು, ಬಾಲಕ್ಕೊಂದು,
ಕದಕ್ಕೆ ಮೇಲಗುಳಿ ಕೆಳಗುಳಿ ಇದ್ದ ಹಾಗೆ.
ಎರಡನ್ನೂ ಸರಿಸಿದೆ.
ಚಾಪೆ ಹಾಸಿದಳು.
ಎಷ್ಟು ಸಲೀಸು! ಒಂದಕ್ಷರ ಸೇರಿಸಬೇಕಾಗಲಿಲ್ಲ.

ಅಚ್ಚಾಗಿ ಬಂದ ಕಟ್ಟುಗಳ ಹಗ್ಗ ಬಿಚ್ಚಿ
ಅವಳು ಮೊದಲು ನೋಡಿದ್ದೇ ಕೊನೆಯ ಪುಟ.
ಕೂಗಾಡಲಿಲ್ಲ. ಕೇಳಿದಳು:
'ಕಡೂನಾದವರು ನಿನಗೇನಾಗಬೇಕು?'
ಓದುವವರಿಗೆ ಹಿತವಾಗಲಿ ಅಂತ... ಅಂದೆ.
'ಬೋಗುಣಿ ನನ್ನವು. ತಪ್ಪಿದ್ದರೆ ತಪ್ಪೂ ನನ್ನದೇ ಇರಲಿ.
ಪೆನ್ನು ಕೊಡು.'

ಮೂರು ದಿನ, ನನ್ನದೇ ಬೆಂಚಿನ ಮೇಲೆ, ನೀಲಿ ಶಾಯಿ.
ಪ್ರತಿಯೊಂದಕ್ಕೂ ಎರಡೆರಡು ಬಾ.
ಕೆಳಗೆ ಟೈರಿಗೆ ಗಾಳಿ ತುಂಬುವ ಸದ್ದು.
ನಾನೂ ಬರೆಯಲೇ ಅಂದೆ. ತಲೆ ಎತ್ತಲಿಲ್ಲ.
ಒಂಬೈನೂರ ತೊಂಬತ್ತೆಂಟು ಬಾ.
ಒಂದು ಪ್ರತಿ ಕಮ್ಮಿ ಬಂತು; ಅಚ್ಚಿನವನಿಗೆ ಶಾಪ ಹಾಕಿದಳು.
ಅದು ನನ್ನ ಕೀಬೋರ್ಡಿನ ಕೆಳಗಿತ್ತು.

ಬಾಡಿಗೆ ಬೈಕು ಹತ್ತಿ, ಸೋಪಿನಂಗಡಿಗೆ ಹತ್ತು,
ಹೊಲಿಗೆಯವಳ ಹತ್ತಿರ ಹತ್ತು,
ಹೆರಿಗೆ ಆಸ್ಪತ್ರೆಯ ಗೇಟಿನವನ ಕುರ್ಚಿಯಡಿ ಮೂವತ್ತು.
ರಂಜಾನ್ ಹೊತ್ತಿಗೆ ಎಲ್ಲ ಖಾಲಿ.
ಎರಡನೆಯ ಅಚ್ಚಿಗೆ ನಾನೇ ತಿದ್ದಿ ಕುಟ್ಟಿಕೊಟ್ಟೆ.
ಹುಡುಗಿಯರು ಮೂಗು ಮುರಿದರು: 'ಪೆನ್ನಿನದು ಇಲ್ಲವಾ?'
ಬೋಗುಣಿಗಳಲ್ಲಿ ನಾಲ್ಕನ್ನು ಬಿಡಿಸಿಕೊಂಡಳಂತೆ.
ಉಳಿದ ಮೂರರ ಜಾಗದಲ್ಲಿ ಕಾಗದದ ರೀಮುಗಳಿವೆಯಂತೆ.
ಈಗ ನನ್ನ ಹತ್ತಿರ ಕುಟ್ಟಿಸುವುದಿಲ್ಲ.

ನನ್ನ ಪ್ರತಿ ಮನೆಯ ಬೀರುವಿನ ಮೇಲೆ, ಪೆಟ್ಟಿಗೆಯ ಹಿಂದೆ.
ಬೇಸರವಾದಾಗ ತೆಗೆದು ಆ ಒಂದು ಸಾಲು ಓದುತ್ತಿದ್ದೆ,
ಹಾಸಿದ ಚಾಪೆಯ ಮೇಲೆ ತುಸು ಕೂತೆದ್ದ ಹಾಗೆ.

ಮೊನ್ನೆ ತೆಗೆದರೆ, ಹಸಿರು ಶಾಯಿ.
ತಲೆಗೊಂದು. ಬಾಲಕ್ಕೊಂದು.
ಅಕ್ಷರ ಲಾದಿಯದಲ್ಲ.
ಹೊರಗೆ ನನ್ನ ಹೆಂಡತಿ ತಲ್ಲೆ ಜೋಳ ಕುಟ್ಟುತ್ತಿದ್ದಳು,
ಒಂದೇ ಲಯದಲ್ಲಿ, ಯಾವತ್ತಿನ ಹಾಗೆ.
ಮನೆಯಲ್ಲೊಂದು ಹಸಿರು ಪೆನ್ನಿದೆ ಅಂತಲೇ
ನನಗೆ ಗೊತ್ತಿರಲಿಲ್ಲ.