ಆಗಂತುಕ ನೀರು

ಪುನರ್ವಸತಿ ಆಫೀಸಿನಲ್ಲಿ ಇಪ್ಪತ್ತಾರು ವರ್ಷ
ಹೆಚ್ಚುಕಮ್ಮಿ ಒಂದೇ ಪದ ಬರೆದೆ.
ಕಡತದ ಬೆನ್ನಿಗೆ, ಲಕೋಟೆಯ ಮೂಲೆಗೆ,
ಕೊನೆಕೊನೆಗೆ ನಿದ್ದೆಗಣ್ಣಲ್ಲಿ, ಚಾದರದ ಮೇಲೆ ಬೆರಳಿನಿಂದ:
ಪರಿಹಾರ.

ಈಗ ನವನಗರದ ಅಂಚಿಗೆ, ಹಿನ್ನೀರು ಬಂದುಹೋಗುವ ಬಯಲಲ್ಲಿ
ಮಹಾನಂದಾ ಟೀಚರು ಒಂಬತ್ತು ಕಂಬ ನೆಟ್ಟಿದ್ದಾಳೆ.
ಕಂಬಕ್ಕೊಂದು ಸೈಕಲ್ ರಿಮ್ಮು,
ರಿಮ್ಮಿನಿಂದ ಇಳಿಬಿಟ್ಟ ಹಳೇ ಜೋಕಾಲಿ ಸರಪಳಿ,
ಕೆಳಗೊಂದು ಉಳ್ಳಾಗಡ್ಡಿ ಬುಟ್ಟಿ.
ಡಿಸ್ಕ್ ಗಾಲ್ಫ್ ಅಂತೆ. ತಟ್ಟೆ ಒಗೆಯುವ ಆಟ.
"ಕಾಕಾ, ನಿಮಗ ಕಾಯ್ದೆ ಓದೂ ಚಟ ಐತಿ,
ಇದನ್ನ ಕನ್ನಡಕ್ಕ ಮಾಡ್ರಿ" ಅಂತ
ಹನ್ನೊಂದು ಹಾಳೆ ಕೈಗಿಟ್ಟಳು.

'ರಿಲೀಫ್' ಅಂತ ಕಂಡಲ್ಲೆಲ್ಲ
ಕೈ ನನ್ನನ್ನು ಕೇಳಲಿಲ್ಲ, ಬರೆದುಬಿಟ್ಟಿತು.

ತಟ್ಟೆ ಬಿದ್ದಲ್ಲೇ ನಿನ್ನ ನೆಲೆ.
ಕಾಲೂರುವ ಕಡೆ ಸಡಿಲ ಕಲ್ಲು, ಒಣಗಿ ಉದುರಿದ ಟೊಂಗೆ
ಇದ್ದರೆ ಸರಿಸು.
ನಿನಗೂ ಬುಟ್ಟಿಗೂ ನಡುವೆ ಇದ್ದದ್ದು ಇದ್ದಲ್ಲೇ ಇರಲಿ.
ಬೇರು ಬಿಟ್ಟದ್ದನ್ನು ಮುರಿಯಬೇಡ, ಬಗ್ಗಿಸಿ ಹಿಡಿಯಬೇಡ,
ಗಿಡ ಆದಷ್ಟೂ ಅಲುಗದ ಹಾಗೆ
ನಿಲ್ಲುವುದನ್ನು ನೀನು ಕಲಿ.

(ಈ ಕೊನೆಯ ಮಾತು ನಮ್ಮ ಕಾಯ್ದೆಯಲ್ಲಿ ಇರಲಿಲ್ಲ.
ನಾವು ಬೇವಿನ ಗಿಡಕ್ಕೆ ಟೇಪು ಸುತ್ತಿ
ದರ ಹಾಕುತ್ತಿದ್ದೆವು.)

ಭಾನುವಾರ ಯಮನೂರನ ತಟ್ಟೆ
ಬಳ್ಳಾರಿ ಜಾಲಿಯ ಹೊಟ್ಟೆಯೊಳಗೆ ಹೋಗಿ ಕೂತಿತು.
"ಬುಟ್ಟಿಯಿಂದ ತಟ್ಟೆಗೆ ಒಂದು ಗೆರಿ ನೆನಸ್ಕೋ.
ಅದs ಗೆರಿ ಮ್ಯಾಲೆ ಹಿಂದಕ ಸರಿ, ಬೇಕಾದಷ್ಟು.
ಒಂದು ಎಸೆತ ದಂಡ."
"ಮುಳ್ಳು ನಾ ಹಚ್ಚೀನೇನ್ರಿ?"
"ಇಲ್ಲ. ತಟ್ಟಿ ನೀ ಒಗದಿ."
ಅವನು ದಂಡ ಕೊಡಲಿಲ್ಲ.
ಮೊಣಕಾಲೂರಿ ಮುಳ್ಳೊಳಗಿಂದಲೇ ಒಗೆದ,
ಅಂಗಿಯ ತೋಳು ಅಲ್ಲೇ ಬಿಟ್ಟುಬಂದ.

ಕಣಜದ ಗೂಡಿದ್ದರೆ ಮಾತ್ರ ದಂಡವಿಲ್ಲ, ಸುಮ್ಮನೆ ಸರಿಯಬಹುದು.
ಕಚ್ಚುವವರಿಗೆ ಎಲ್ಲಾ ಕಾಯ್ದೆಗಳೂ
ಸ್ವಲ್ಪ ಬಾಗುತ್ತವೆ.

ಎಂಟನೆಯ ಕಂಬ.
ಶನಿವಾರ ಒಣಗಿದ್ದ ನೆಲಕ್ಕೆ ರಾತ್ರಿ ನೀರು ಬಂದು
ಬುಟ್ಟಿಯ ತಳ ಮುಟ್ಟಿತ್ತು.
ಶಾಹಿದಾಳ ಹಳದಿ ತಟ್ಟೆ ನೀರಲ್ಲಿ ತೇಲುತ್ತ
ಅತ್ತ ಇತ್ತ ನೋಡುತ್ತಿತ್ತು.
ಹಾಳೆ ತಿರುವಿ ಓದಿದೆ: ಆಗಂತುಕ ನೀರು.
ದಂಡವಿಲ್ಲ. ಗೆರೆಯ ಮೇಲೆ ಹಿಂದೆ ಸರಿದು
ಮೊದಲು ಸಿಕ್ಕ ಒಣನೆಲದಲ್ಲಿ ನಿಲ್ಲು.
ಗುರಿಗೆ ಹತ್ತಿರವಾಗಕೂಡದು.

(ಈ ಕೊನೆಯದನ್ನು ಮಾತ್ರ
ನಮ್ಮ ಇಲಾಖೆ ಚಾಚೂ ತಪ್ಪದೆ ಪಾಲಿಸಿದೆ.)

"ಆಗಂತುಕ ಹೆಂಗಾತ್ರಿ ಕಾಕಾ? ವರ್ಷಾ ಬರತೈತಿ!"
"ನಮ್ಮ ಮುತ್ಯಾನ ಅಂಗಡಿ ಐತಿ ಇದರ ಕೆಳಗ.
ಹಂಗಂದ್ರ ಆಗಂತುಕರು ಯಾರು?"
ನಾನು ಪೆನ್ಸಿಲ್ಲು ಕಿವಿಗೆ ಸಿಕ್ಕಿಸಿದೆ.
ಹನ್ನೊಂದು ಹಾಳೆಯಲ್ಲಿ ಅದಕ್ಕೆ ಕಲಮು ಇರಲಿಲ್ಲ,
ಆ ಇಪ್ಪತ್ತಾರು ವರ್ಷದ ಕಪಾಟಿನಲ್ಲೂ.

ಶಾಹಿದಾ ಸಲವಾರು ಎತ್ತಿಹಿಡಿದು, ಬುಟ್ಟಿಯ ಮೇಲೆ ಕಣ್ಣಿಟ್ಟು
ಹಿಂದಕ್ಕೆ ಹಿಂದಕ್ಕೆ ಬಂದಳು.
ಹಿಮ್ಮಡಿಗೆ ಕಲ್ಲು ತಾಗಿತು,
ಅರ್ಧ ಅಳಿಸಿದ ಕೆಂಪು ಅಂಕಿಯ ಸರ್ವೆ ಕಲ್ಲು.
ಆ ಏಳರ ಬಾಲ ನನ್ನದೇ ಕೈಯದು.
"ಇಲ್ಲೆ ಸಾಕೇನ್ರಿ?"
ಯಾರನ್ನು ಕೇಳಿದಳೋ.
ಮೂವರೂ ಬಂದು ಸುತ್ತ ನಿಂತರು, ಬಗ್ಗಿ ನೋಡಿದರು,
ಯಮನೂರ ಒಂದು ಗೇಣು ಎಡಕ್ಕೆ ಅಂದ,
ಒಪ್ಪಿದರು.
ಅರ್ಜಿಯಿಲ್ಲ, ಸಹಿಯಿಲ್ಲ, ನಾಳೆ ಬಾ ಇಲ್ಲ.

ಒಗೆದಳು. ಸರಪಳಿ ಝಲ್ಲೆಂದಿತು,
ತಟ್ಟೆ ರಿಮ್ಮಿಗೆ ಬಡಿದು ಹೊರಳಿ
ಮತ್ತೆ ನೀರಿಗೆ.
"ಅಯ್ಯ!" ಅಂತ ನಗುತ್ತ ಇಳಿದಳು
ಅದನ್ನು ತರಲು, ಮೊಣಕಾಲಮಟ,
ಯಾರದೋ ಅಂಗಡಿಯ ಮೇಲೆ ನಡೆಯುತ್ತ.