ವಾಪಸು ಬಟ್ಟಲು

ಹಾಲು, ಬ್ರೆಡ್ಡು, ಬೆಕ್ಕಿಗೆ ಮೀನಿನ ಡಬ್ಬಿ.
ದುಡ್ಡು ಕೊಟ್ಟು, ಬಾಗಿಲ ಬಳಿ
ಬೂಟಿನ ಲೇಸು ಬಿಗಿಯುವ ನೆಪದಲ್ಲಿ ಬಗ್ಗಿ
ಚಿಲ್ಲರೆ ಎಣಿಸುವ ಯಂತ್ರದ ವಾಪಸು ಬಟ್ಟಲಿಗೆ
ಎರಡು ಬೆರಳು ಇಳಿಬಿಡುತ್ತೇನೆ.
ಕೈಗವಸು ಕಳಚಿಯೇ. ಲೋಹ ಮಾತಾಡುವುದು ಬರಿಗೈಯೊಡನೆ.

ಗಲ್ಲಾದ ಡೊರೀನ್ ನೋಡಿಯೂ ನೋಡದ ಹಾಗಿರುತ್ತಾಳೆ.
ಒಮ್ಮೆ ಮಾತ್ರ ಕೇಳಿದ್ದಳು, "ಪಿಂಚಣಿ ಸಾಲುವುದಿಲ್ಲವೆ, ಇರ್ಮಾ?"
ಸಾಲುತ್ತದೆ ಮಾರಾಯ್ತಿ.
ಮೂವತ್ತೊಂದು ವರ್ಷ ಈ ಈರಿ ಪಟ್ಟಣದಲ್ಲಿ ಶಾಲೆಯ ಬಸ್ಸು ಓಡಿಸಿದವಳು ನಾನು.
ಸಂಜೆ ಕೊನೆಯ ಮಗುವೂ ಇಳಿದ ಮೇಲೆ
ಸೀಟಿನ ಸಂದಿಗಳಲ್ಲಿ ಆಡಿದ ಬೆರಳು ಇವು:
ಒಂಟಿ ಕಾಲುಚೀಲ, ಹಾಲುಹಲ್ಲು, ಅರ್ಧ ಚೀಪಿದ ಮಿಠಾಯಿ.
ನಿವೃತ್ತಿಯಾದದ್ದು ನನಗೆ, ಬೆರಳಿಗಲ್ಲ.

ಹೆಚ್ಚಿನ ದಿನ ಬಟ್ಟಲು ಬರಿದು.
ಇಲ್ಲವೆ ಕೆನಡಾದ ಕಾಸು, ಸರೋವರ ಈಜಿ ಬಂದದ್ದು;
ಬಟ್ಟೆ ಒಗೆಯುವ ಅಂಗಡಿಯ ಬಿಲ್ಲೆ; ಕೋಟಿನ ಗುಂಡಿ;
ಜಮೈಕಾದ್ದೊಂದು, ಪೋಲೆಂಡಿನದೊಂದು,
ಯಾವ ಕಡೆಯಿಂದ ಓದಬೇಕೆಂದೇ ತಿಳಿಯದ ಲಿಪಿಯದೊಂದು.
ಎಲ್ಲವೂ ಉಪ್ಪಿನಕಾಯಿ ತೀರಿದ ಜಾಡಿಯಲ್ಲಿವೆ.

ಬೆಳ್ಳಿ ವರ್ಷಕ್ಕೆ ಎರಡೋ ಮೂರೋ.
ಅರವತ್ತನಾಲ್ಕರ ತನಕ ನಮ್ಮ ಡೈಮಿನಲ್ಲಿ ಬೆಳ್ಳಿಯಿತ್ತು,
ಆಮೇಲೆ ತಾಮ್ರಕ್ಕೆ ಬಿಳಿ ಮುಲಾಮು.
ಯಂತ್ರ ಕಲಿತದ್ದು ಮುಲಾಮಿನ ತೂಕ;
ಹಳೆಯ ಬೆಳ್ಳಿ ಬಂದರೆ ಯಾರೋ ಏನೋ ಎಂದು ಉಗುಳುತ್ತದೆ.
ಇದರಲ್ಲಿ ನೀತಿ ಹುಡುಕುವವರು ಹುಡುಕಲಿ.
ನಮ್ಮ ಚರ್ಚಿನ ಫಾದರ್ ಹುಡುಕಿಯೂ ಆಯಿತು,
ಒಂದು ಭಾನುವಾರ ಪೂರ್ತಿ.

ಹೋದ ಮಂಗಳವಾರ ಹಿಮ ಅಡ್ಡಡ್ಡ ಬೀಳುತ್ತಿತ್ತು.
ಯಂತ್ರದ ಮುಂದೆ ಒಬ್ಬ ಹುಡುಗ, ಹತ್ತೊಂಬತ್ತಿರಬಹುದು,
ಕಾಫಿಪುಡಿಯ ದೊಡ್ಡ ಡಬ್ಬ ಬೋರಲು ಹಾಕಿದ.
ಜಲ್ಲಿ ಸುರಿದಂತೆ ಸದ್ದು. ಅದರಡಿಯಲ್ಲಿ
ಇನ್ನೊಂದು ಸದ್ದು, ಬಟ್ಟಲಿನದು:
ಠಿಣಿ.
ಠಿಣಿ. ತಡೆದು, ಮತ್ತೆ ಠಿಣಿ.
ಹೊಸ ಕಾಸು ಟಪ್ಪೆಂದು ಮುಗಿದುಹೋಗುತ್ತದೆ,
ಬೆಳ್ಳಿ ಬಿದ್ದ ಮೇಲೂ ಒಂದಿಷ್ಟು ಹೊತ್ತು ಇರುತ್ತದೆ.
ನಾನು ಲೇಸು ಮೂರು ಸಲ ಕಟ್ಟಿದೆ.

ಕರೆಯಬಹುದಿತ್ತು. "ಮಗೂ, ಮರೆತೆ ನೋಡು"
ದಿನಕ್ಕೆ ಹತ್ತು ಸಲ ಆಡಿ ಸವೆಸಿದ ಮಾತು,
ಟೋಪಿಗೆ, ಊಟದ ಡಬ್ಬಿಗೆ, ಒಮ್ಮೆ ಒಂದು ಕಹಳೆಗೆ.
ಅವನು ಚೀಟಿ ಹರಿದ, ನೋಟು ಎಣಿಸಿದ, ಹೊರಟ.
ಬಾಗಿಲು ತಾನಾಗಿ ತೆರೆಯಿತು, ತಾನಾಗಿ ಮುಚ್ಚಿತು.
ಮಾತು ಅವತ್ತು ಚಲಾವಣೆಯಾಗಲಿಲ್ಲ.

ಇಪ್ಪತ್ತಮೂರು. ಅಡುಗೆಮನೆಯ ಮೇಜಿನ ಮೇಲೆ
ಒಂದೊಂದನ್ನೇ ಬೀಳಿಸಿ ಕೇಳಿದೆ. ಬೆಕ್ಕು ಎದ್ದುಹೋಯಿತು.
ಕೊನೆಯದು ಪರದೇಶಿ: ಫಿಲಿಪೀನ್ಸ್, ನಲವತ್ತನಾಲ್ಕನೇ ಇಸವಿ,
ಸುತ್ತಿಗೆ ಹಿಡಿದ ಹೆಂಗಸು, ಹಿಂದೆ ಹೊಗೆಯಾಡುವ ಬೆಟ್ಟ.
ಅಂಚಿನ ಬಳಿ ಮೊಳೆ ಹೊಡೆದು ಮಾಡಿದ ತೂತು.
ತೂತಿನ ಒಳಮೈ ನುಣುಪು,
ದಾರ ಓಡಾಡಿ, ಬೆವರು ಓಡಾಡಿ ಆದ ನುಣುಪು.
ಅದನ್ನು ಬೀಳಿಸಲಿಲ್ಲ.

ಬುಧವಾರ ಅಂಗಡಿ ತೆರೆಯುವ ಹೊತ್ತಿಗೇ ಹೋಗಿ
ಎಲ್ಲವನ್ನೂ ಬಟ್ಟಲಿಗೆ ಹಾಕಿದೆ. ಸೇಬಿನ ರಾಶಿಯ ಹಿಂದೆ ಕಾದೆ.
ಬಂದದ್ದು ಅವನಲ್ಲ. ಪ್ಯಾಂಟಿಗೆಲ್ಲ ಬಣ್ಣ ಮೆತ್ತಿದ ಗಂಡಸು.
ಬಗ್ಗಿದ. ಕೈಗವಸು ಕಳಚಿ ಎರಡು ಬೆರಳು ಇಳಿಬಿಟ್ಟ.
ಆಹಾ, ನಮ್ಮವನೇ!
ಅಂಗೈ ಭಾರವಾದದ್ದು ಅವನ ಹೆಗಲಲ್ಲಿ ಕಂಡಿತು.
ಸುತ್ತ ನೋಡಿದ. ನಾನು ಸೇಬು ಆರಿಸಿದೆ.

ಎಲ್ಲವನ್ನೂ ಅಂದೆ. ಅಲ್ಲ. ಇಪ್ಪತ್ತೆರಡು.
ತೂತಿನದು ಕೋಟಿನ ಜೇಬಿನಲ್ಲಿದೆ.
ಡೊರೀನಳ ಕೈಗೆ ಚೀಟಿ ಬರೆದುಕೊಟ್ಟಿದ್ದೇನೆ:
ಕಾಫಿ ಡಬ್ಬದ ಹುಡುಗ, ಹಸಿರು ಟೋಪಿ, ಬಂದರೆ ಫೋನು ಮಾಡು.
ಅವಳು ಓದಿ, ಗಲ್ಲಾಪೆಟ್ಟಿಗೆಯ ಒಳಗೋಡೆಗೆ ಅಂಟಿಸಿದಳು,
ಏನೂ ಕೇಳಲಿಲ್ಲ.

ಟೋಪಿ ಹಸಿರೇ ಇತ್ತೆ?
ಕಂದು ಇದ್ದರೂ ಇರಬಹುದು.