ಇಲ್ಲದ ರೊಟ್ಟಿಯ ತೂಕ

ಕುತಾಯಿಸಿ. ತೊಂಬತ್ನಾಲ್ಕರ ಜನವರಿ.
ಕರೆಂಟು ಹೋಗಿ ಹನ್ನೊಂದು ದಿನ.
ರಿಯೋನಿ ನದಿಯೊಂದೇ ಯಾರ ಅಪ್ಪಣೆಗೂ ಕಾಯದೆ
ಬಿಳಿಗಲ್ಲುಗಳ ಮೇಲೆ ಗದ್ದಲ ಮಾಡಿಕೊಂಡು ಹೋಗುತ್ತಿತ್ತು.
ಮುಚ್ಚಿದ ಕಾಲುಚೀಲದ ಕಾರ್ಖಾನೆ, ಎರಡನೇ ಮಹಡಿ.
ಕೋಟು ಬಿಚ್ಚದೆ ಒಂಬತ್ತು ಜನ
ನಟರಾಗಲು ಕಲಿಯುತ್ತಿದ್ದೆವು.

ಸೋಮವಾರ ಗುಲ್ನಾಜಿ.
ನೆನಪಿಸಿಕೊಳ್ಳಿ, ಅನ್ನುವಳು.
ನೀವು ಕಂಡ ಮೊದಲ ಸಾವು ಯಾರದು?
ಆ ಕೋಣೆಯಲ್ಲಿ ಏನು ವಾಸನೆ ಇತ್ತು?
ಅಳು ಬೇಡ. ಬರುವುದಿದ್ದರೆ ಅದೇ ಬಂದೀತು. ವಾಸನೆ ಹೇಳಿ.
ನುಸಿಗುಳಿಗೆ, ಅಂದೆ ನಾನು.
ಹಾಗೆಂದದ್ದೇ ಅಜ್ಜನ ಕರಿಯ ಸೂಟು
ಬೀರುವಿನಿಂದ ಇಳಿದು ನನ್ನ ಮುಂದೆ ನಿಂತಿತು, ಅಜ್ಜನಿಲ್ಲದೆ.

ಬುಧವಾರ ಓತಾರ್.
ನೆನಪು ಸುಳ್ಳುಬುರುಕಿ, ಅನ್ನುವನು, ಪಾದ ಸುಳ್ಳಾಡದು.
ಸೊಂಟ ತಗ್ಗಿಸಿ, ನೆಲ ಗುದ್ದಿ
ಗೋಡೆಯಿಂದ ಗೋಡೆಗೆ ನಡೆಸುವನು,
ಕೆಳಗೆ ಬೀಡುಬಿಟ್ಟ ಸುಖುಮಿಯ ನಿರಾಶ್ರಿತರಲ್ಲೊಬ್ಬಳು
ಪೊರಕೆಯ ಹಿಡಿಯಿಂದ ನಮ್ಮ ನೆಲ ಕುಟ್ಟುವ ತನಕ.
ಕೋಪವನ್ನು ಮುಖಕ್ಕೆ ಹೇಳಬೇಡಿ, ಹಿಮ್ಮಡಿಗೆ ಹೇಳಿ.
ಮುಖಕ್ಕೆ ಆಮೇಲೆ ಹೇಗೂ ಗೊತ್ತಾಗುತ್ತದೆ.

ಇಬ್ಬರಿಗೂ ಮಾತಿಲ್ಲ. ಇದ್ದದ್ದೊಂದೇ ಕೆಟಲು,
ಅದನ್ನೂ ಬೇರೆಬೇರೆ ದಿನ ಹಚ್ಚುತ್ತಿದ್ದರು.
ನಾವು ಸೋಮವಾರ ಒಳಗಿನಿಂದ ಹೊರಗೆ,
ಬುಧವಾರ ಹೊರಗಿನಿಂದ ಒಳಗೆ,
ಗುರುವಾರ ಎಲ್ಲಿರಬೇಕೆಂದು ತಿಳಿಯದೆ
ಮೆಟ್ಟಿಲ ಮೇಲೆ ಕೂತು ಒಂದು ಸಿಗರೇಟು ಮೂವರು ಸೇದುತ್ತಿದ್ದೆವು.

ಆ ಸೋಮವಾರ ಗುಲ್ನಾಜಿ ಖಾಲಿ ಮೇಜು ಎಳೆದು
ರೊಟ್ಟಿ ಮುರಿಯಿರಿ, ಅಂದಳು.
ಯಾವ ರೊಟ್ಟಿ?
ಇಲ್ಲದ ರೊಟ್ಟಿ.
ರಮಾಜ್ ನಕ್ಕುಬಿಟ್ಟ:
ಬೆಳಿಗ್ಗೆ ನಾಲ್ಕು ಗಂಟೆ ಸಾಲಿನಲ್ಲಿ ನಿಂತು ಬಂದೆ,
ಅಲ್ಲೂ ಇದೇ ಅಭ್ಯಾಸ ಮಾಡಿಸಿ ಕಳಿಸಿದರು.
ಗುಲ್ನಾಜಿ ನಗಲಿಲ್ಲ. ಬೈಯಲೂ ಇಲ್ಲ.

ಮ್ಜಿಯಾ ಎದ್ದಳು. ಕಣ್ಣು ಮುಚ್ಚಿದಳು.
ಅಮ್ಮನ ಅಡುಗೆಮನೆ, ಮಣ್ಣೊಲೆಯ ಗೋಡೆಗೆ ಬಡಿದ ದೋಣಿಯಂಥ ಹಿಟ್ಟು,
ಎಲ್ಲ ನೆನಪಾಯಿತಂತೆ. ಕೈಗೆ ಮಾತ್ರ ಏನೂ ಬರಲಿಲ್ಲ.
ಸುಳ್ಳು, ಅಂದಳು ಗುಲ್ನಾಜಿ.
ಇನ್ನೊಮ್ಮೆ.
ಸುಳ್ಳು.
ಬಾಗಿಲಲ್ಲಿ ಕೆಳಗಿನ ಮನೆಯ ಹುಡುಗ.
ಆರು ವರ್ಷವಿರಬಹುದು, ಹೆಂಗಸರ ಬೂಟು ಹಾಕಿಕೊಂಡಿದ್ದ.
ನಮ್ಮತ್ತ ನೋಡಲಿಲ್ಲ, ಅವಳ ಕೈಯನ್ನೇ ನೋಡುತ್ತಿದ್ದ.

ಮ್ಜಿಯಾ ಕಣ್ಣು ತೆರೆದಳು.
ಎಡಗಾಲು ಅರ್ಧ ಗೇಣು ಹಿಂದಿಟ್ಟಳು, ಬುಧವಾರದ ಹಾಗೆ.
ಮೊಣಕೈ ಇಳಿಯಿತು. ಅಲ್ಲಿ ತೂಕ ಬಂತು.
ಸುಟ್ಟ ಅಂಚು ಪರ್ರೆಂದು ಬಿರಿದದ್ದು
ಒಂಬತ್ತೂ ಹೊಟ್ಟೆಗಳಿಗೆ ಕೇಳಿಸಿತು.
ಬಿಸಿಗೆ ಬೆರಳು ಊದಿಕೊಂಡು
ದೊಡ್ಡ ತುಂಡನ್ನು ಹುಡುಗನ ಕಡೆ ಚಾಚಿದಳು.

ಅವನು ಹತ್ತಿರ ಬಂದ. ಬಗ್ಗಿ ನೋಡಿದ.
ಏನೂ ಇಲ್ಲ, ಅಂದ.
ಬೂಟು ಎಳೆದುಕೊಂಡು ಮೆಟ್ಟಿಲಿಳಿದು ಹೋದ.

ಕೈ ಹಾಗೇ ಇತ್ತು.
ಗುಲ್ನಾಜಿ ಸುಳ್ಳು ಅನ್ನಲಿಲ್ಲ, ನಿಜ ಅನ್ನಲಿಲ್ಲ.
ಮರೆತ ಮಫ್ಲರು ಒಯ್ಯಲು ಬಂದು
ಕತ್ತಲಲ್ಲಿ ನಿಂತಿದ್ದ ಓತಾರ್ ಮೆಲ್ಲಗೆ,
ಇಳಿಸಬೇಡ, ಅಂದ.
ಇಳಿಸಬೇಡ, ಅಂದಳು ಗುಲ್ನಾಜಿಯೂ.
ಭುಜ ನಡುಗಿತು. ಸೀಮೆಎಣ್ಣೆ ದೀಪ ಒಮ್ಮೆ ಸಿಡಿಯಿತು.
ಎಷ್ಟು ಹೊತ್ತೋ. ಗಡಿಯಾರವನ್ನು ಮಾರಿಕೊಂಡಿದ್ದೆವು.

ಈಗ ನಾನೂ ಕಲಿಸುತ್ತೇನೆ, ಹೀಟರಿರುವ ಕೋಣೆಯಲ್ಲಿ.
ಒಳಗಿನಿಂದಲೋ ಹೊರಗಿನಿಂದಲೋ, ಯಾವುದು ಸರಿ,
ಎಂದು ಹುಡುಗರು ನೋಟುಬುಕ್ಕು ತೆರೆದು ಕೇಳುತ್ತಾರೆ.
ಗೊತ್ತಿಲ್ಲ ಅನ್ನುತ್ತೇನೆ. ಅವರು ಅದನ್ನೂ ಬರೆದುಕೊಳ್ಳುತ್ತಾರೆ.

ಮ್ಜಿಯಾ ನಟಿಯಾಗಲಿಲ್ಲ.
ಬತೂಮಿಯಲ್ಲಿ ಅವಳದೊಂದು ಔಷಧದಂಗಡಿ.
ಚಿಲ್ಲರೆ ಕೊಡುವಾಗ
ಬಟ್ಟಲಿಗೆ ಹಾಕಿ ತಳ್ಳುವುದಿಲ್ಲ, ಕೈಯಲ್ಲೇ ಹಿಡಿದಿರುತ್ತಾಳೆ,
ನೀವು ಫೋನಿನಿಂದ ತಲೆಯೆತ್ತಿ
ಅದು ಅಲ್ಲಿದೆ ಎಂದು ನೋಡುವವರೆಗೆ.